ಮೂರು ಸೈನ್ಸ್ ಫಿಕ್ಷನ್ ಕಥಾಸಂಕಲನ ಓದಿದೆ, ನನ್ನ ಓಟು 26 ಕಥೆಗಳ ಹಳೆಯ ಪುಸ್ತಕಕ್ಕೆ

ಮೊದಲೇ ಹೇಳಿಬಿಡುತ್ತೇನೆ. ಹಳೆಯ ಸೈನ್ಸ್ ಫಿಕ್ಷನ್ ಸಣ್ಣಕಥೆಗಳನ್ನು ಓದಬೇಕು, ಅದಕ್ಕೆ ಒಂದೇ ಪುಸ್ತಕ ಕೊಳ್ಳುತ್ತೇನೆ ಅನ್ನುವವರು 'ದಿ ಸೈನ್ಸ್ ಫಿಕ್ಷನ್ ಹಾಲ್ ಆಫ್ ಫೇಮ್' ಮೊದಲ ಸಂಪುಟ ತೆಗೆದುಕೊಳ್ಳಿ. ನಾನು ಅದನ್ನು ಎರಡನೆಯದಾಗಿ ಕೊಂಡೆ. ಮೊದಲೇ ಕೊಂಡಿದ್ದರೆ ಒಂದಷ್ಟು ದುಡ್ಡೂ ಉಳಿಯುತ್ತಿತ್ತು, ಆರು ತಿಂಗಳೂ ಉಳಿಯುತ್ತಿದ್ದವು.

ಮೊದಲು ಕೊಂಡಿದ್ದು 'ದಿ ಬಿಗ್ ಬುಕ್ ಆಫ್ ಸೈನ್ಸ್ ಫಿಕ್ಷನ್'. ಆನ್ ಮತ್ತು ಜೆಫ್ ವ್ಯಾಂಡರ್‌ಮೀರ್ ದಂಪತಿ ಸಂಪಾದಿಸಿ 2016ರಲ್ಲಿ ತಂದ ಪುಸ್ತಕ. ನೂರಕ್ಕೂ ಜಾಸ್ತಿ ಕಥೆಗಳು. ಒಂದು ಕಥೆಗೆ ಎಷ್ಟು ಬಿತ್ತು ಅಂತ ಭಾಗಿಸಿ ನೋಡಿದರೆ ಮೂರರಲ್ಲಿ ಇದೇ ಅಗ್ಗ. ನಾನು ಆ ಲೆಕ್ಕ ನೋಡಿಯೇ ಕೊಂಡೆ. ಮೂರನೆಯದು 'ದಿ ವೆಸ್ಲಿಯನ್ ಆಂಥಾಲಜಿ ಆಫ್ ಸೈನ್ಸ್ ಫಿಕ್ಷನ್', 2010ರದ್ದು, 52 ಕಥೆಗಳು. ಅದನ್ನು ಲೈಬ್ರರಿಯಿಂದ ತಂದು ಓದಿದೆ.

ಬಿಗ್ ಬುಕ್‌ನಲ್ಲಿ ನನಗೆ ಎದುರಾದ ತೊಂದರೆ ಕಥೆಗಳದ್ದಲ್ಲ. ನಾನು ಓದುವುದು ರಾತ್ರಿ, ಮಲಗಿಕೊಂಡು. ಹೆಚ್ಚೆಂದರೆ ಒಂದು ಗಂಟೆ. ಇದು ಸುಮಾರು 1,200 ಪುಟಗಳ ಪುಸ್ತಕ. ಎದೆಯ ಮೇಲೆ ಇಟ್ಟುಕೊಂಡರೆ ಹತ್ತು ನಿಮಿಷಕ್ಕೆ ಕೈ ಸೋಲುತ್ತದೆ. ಪಕ್ಕಕ್ಕೆ ತಿರುಗಿ ಓದೋಣ ಅಂದರೆ ಒಳಗಿನ ಅಂಚಿನ ಅಕ್ಷರಗಳು ಮಡಿಕೆಯಲ್ಲಿ ಮುಚ್ಚಿಹೋಗುತ್ತವೆ. ಮೇಜಿನ ಮುಂದೆ ಕೂತರೆ ಸರಿಯಾಗಿ ಓದಬಹುದು. ಆದರೆ ದಿನವಿಡೀ ಮೇಜಿನ ಮುಂದೆ ಕೂತವನಿಗೆ ರಾತ್ರಿಯೂ ಅಲ್ಲೇ ಕೂರಲು ಮನಸ್ಸಾಗುವುದಿಲ್ಲ.

ಸರಿ, ಇ-ಬುಕ್ ಕೊಂಡೆ. ಅದೇ ಪುಸ್ತಕಕ್ಕೆ ಎರಡನೇ ಸಲ ದುಡ್ಡು ಕೊಟ್ಟಂತಾಯಿತು. ಕೈನೋವು ಹೋಯಿತು. ಅದರ ಜಾಗಕ್ಕೆ ಬಂದ ತೊಂದರೆ ಅದಕ್ಕಿಂತ ದೊಡ್ಡದು. ಕಥೆ ಎಷ್ಟು ಉದ್ದ ಅಂತ ಗೊತ್ತಾಗುವುದಿಲ್ಲ.

ಕಾದಂಬರಿಗೆ ಇದು ಅಷ್ಟು ಮುಖ್ಯವಲ್ಲ. ಎಲ್ಲಿ ನಿಲ್ಲಿಸಿದರೂ ನಾಳೆ ಅಲ್ಲಿಂದಲೇ ಮುಂದುವರಿಸಬಹುದು. ಸಣ್ಣಕಥೆ ಹಾಗಲ್ಲ. ಅದನ್ನು ಒಂದೇ ಸಲ ಕೂತು ಮುಗಿಸಬೇಕು, ಆಗಲೇ ಅದರ ಪೆಟ್ಟು ತಾಗುವುದು. ಕಾಗದದ ಪುಸ್ತಕದಲ್ಲಿ ಹೆಬ್ಬೆರಳು ಓಡಿಸಿ ಮುಂದಿನ ಕಥೆ ಎಲ್ಲಿ ಶುರು ಅಂತ ಒಂದು ಕ್ಷಣದಲ್ಲಿ ನೋಡಿಬಿಡುತ್ತೇವೆ. ನನ್ನ ರೀಡರ್‌ನಲ್ಲಿ ಕಾಣುವುದು ಇಡೀ ಪುಸ್ತಕದ ಶೇಕಡಾ ಮಾತ್ರ. ನೂರು ಕಥೆಗಳ ಪುಸ್ತಕದಲ್ಲಿ ಒಂದು ಪೂರ್ತಿ ಕಥೆ ಓದಿದರೂ ಅದು 41ರಿಂದ 42ಕ್ಕೆ ಹೋಗುತ್ತದೆ, ಅಷ್ಟೇ. ಮುಂದೆ ಇರುವುದು ಎರಡು ಪುಟವೋ ಮೂವತ್ತು ಪುಟವೋ, ಹೇಳುವುದು ಹೇಗೆ?

ಟೆಡ್ ಚಿಯಾಂಗ್ ಬರೆದ 'ಸ್ಟೋರಿ ಆಫ್ ಯುವರ್ ಲೈಫ್' ನನ್ನ ಕೈಯಲ್ಲಿ ಹೀಗೇ ಕೆಟ್ಟಿತು. 1998ರ ಕಥೆ. ಒಬ್ಬ ಭಾಷಾವಿಜ್ಞಾನಿ ಅನ್ಯಲೋಕದವರ ಭಾಷೆ ಕಲಿಯುತ್ತಾಳೆ. ಜೊತೆಜೊತೆಗೇ ತನ್ನ ಮಗಳಿಗೆ ಮಾತು ಹೇಳುತ್ತಾ ಹೋಗುತ್ತಾಳೆ. ಒಂದು ತುಂಡು ಅಲ್ಲಿಯದು, ಒಂದು ತುಂಡು ಇಲ್ಲಿಯದು. ಕಾಲ ಹಿಂದೆ ಮುಂದೆ ಆಗುತ್ತಿರುತ್ತದೆ, ಅದು ಯಾಕೆ ಹಾಗೆ ಅನ್ನುವುದೇ ಕಥೆಯ ಜೀವ. ನಿದ್ದೆಗೆ ಇಪ್ಪತ್ತು ನಿಮಿಷ ಉಳಿದಿದ್ದಾಗ ಶುರು ಮಾಡಿದೆ. ಚಿಕ್ಕದಿರಬೇಕು ಅಂದುಕೊಂಡಿದ್ದೆ. ಅದು ನೀಳ್ಗತೆ. ಮೂರು ರಾತ್ರಿ ಹಿಡಿಯಿತು, ಮಧ್ಯೆ ಒಂದು ದಿನ ಓದಲೇ ಇಲ್ಲ. ಪ್ರತಿ ಸಲ ತೆರೆದಾಗ ನಾನು ಯಾವ ಕಾಲದಲ್ಲಿದ್ದೇನೆ ಅಂತ ಹುಡುಕಬೇಕಾಯಿತು. ಆಮೇಲೆ ಒಂದು ರಜಾದಿನ ಮೊದಲಿಂದ ಒಂದೇ ಸಲ ಓದಿದೆ. ಕಣ್ಣು ತುಂಬಿ ಬಂತು. ಆದರೆ ಮೊದಲ ಓದು ಒಂದೇ ಸಲ ಸಿಗುವುದು, ಅಲ್ವಾ? ಅದನ್ನು ನಾನು ಕಳೆದುಕೊಂಡೆ. ಆ ಬೇಸರ ಈಗಲೂ ಇದೆ.

ಹಾಲ್ ಆಫ್ ಫೇಮ್‌ನಲ್ಲಿ ಈ ಗೋಳೇ ಇಲ್ಲ, ಅದಕ್ಕೆ ಕಾರಣವೂ ಇದೆ. ಅಮೆರಿಕದ ಸೈನ್ಸ್ ಫಿಕ್ಷನ್ ಬರಹಗಾರರು 1965ರಲ್ಲಿ ಒಂದು ಸಂಘ ಕಟ್ಟಿಕೊಂಡರು. ಅವರ ನೆಬ್ಯುಲಾ ಪ್ರಶಸ್ತಿ ಆ ವರ್ಷದ ಕಥೆಗಳಿಂದ ಶುರುವಾಯಿತು. ಹಾಗಾದರೆ ಅದಕ್ಕೂ ಹಿಂದಿನ ಒಳ್ಳೆಯ ಕಥೆಗಳ ಗತಿ ಏನು? 1964ರ ಕೊನೆಯವರೆಗೆ ಬಂದ ಕಥೆಗಳಿಗೆ ಸದಸ್ಯರೇ ಓಟು ಹಾಕಿದರು. ಕಥೆ 15,000 ಪದ ಮೀರಬಾರದು ಅನ್ನುವುದು ನಿಯಮ. ರಾಬರ್ಟ್ ಸಿಲ್ವರ್‌ಬರ್ಗ್ ಸಂಪಾದಿಸಿ 1970ರಲ್ಲಿ ಪುಸ್ತಕ ಬಂತು. ಒಬ್ಬ ಲೇಖಕನಿಗೆ ಒಂದೇ ಕಥೆ, ಒಟ್ಟು 26. ಆ 15,000 ಪದದ ಮಿತಿ ನನ್ನ ರಾತ್ರಿಗೆ ಅಳತೆ ತೆಗೆದು ಹೊಲಿದಂತಿದೆ. ಅತಿ ಉದ್ದದ ಕಥೆಯೂ ಒಂದು ಗಂಟೆ, ಒಂದೂಕಾಲು ಗಂಟೆಗೆ ಮುಗಿಯುತ್ತದೆ.

ಅತಿ ಹೆಚ್ಚು ಓಟು ಬಿದ್ದದ್ದು ಐಸಾಕ್ ಅಸಿಮೋವ್ ಅವರ 'ನೈಟ್‌ಫಾಲ್'ಗೆ. 1941ರದ್ದು. ಆರು ಸೂರ್ಯರ ಲೋಕ, ಅಲ್ಲಿ 2049 ವರ್ಷಕ್ಕೆ ಒಂದೇ ಸಲ ಕತ್ತಲಾಗುತ್ತದೆ. ಮಾತು ಜಾಸ್ತಿ, ಪಾತ್ರಗಳು ತೆಳು, ಒಪ್ಪುತ್ತೇನೆ. ಆದರೂ ಕೊನೆಯ ಪುಟ ಮುಗಿಸಿ ದೀಪ ಆರಿಸಿದಾಗ ಕೋಣೆಯ ಕತ್ತಲು ಬೇರೆಯೇ ಅನ್ನಿಸಿತು. ನನಗೆ ಅದಕ್ಕಿಂತ ಇಷ್ಟವಾದದ್ದು ಜೇಮ್ಸ್ ಬ್ಲಿಷ್ ಬರೆದ 'ಸರ್ಫೇಸ್ ಟೆನ್ಶನ್'. ನೀರಿನ ಗುಂಡಿಯಲ್ಲಿ ಬದುಕುವ, ಕಣ್ಣಿಗೆ ಕಾಣದಷ್ಟು ಚಿಕ್ಕ ಮನುಷ್ಯರು. ಎರಡು ಅಂಗುಲದ ಮರದ ಹಡಗು ಕಟ್ಟಿ, ನೀರಿನ ಮೇಲ್ಪದರ ಹರಿದು, ಪಕ್ಕದ ಗುಂಡಿಗೆ ಹೋಗುತ್ತಾರೆ. ನಕ್ಷತ್ರಯಾನದ ಎಷ್ಟೋ ಕಥೆ ಓದಿದ್ದೇನೆ. ಇಷ್ಟು ದೂರ ಹೋದಂತೆ ಇನ್ಯಾವುದರಲ್ಲೂ ಅನ್ನಿಸಿಲ್ಲ.

ಡೇನಿಯಲ್ ಕೀಸ್ ಬರೆದ 'ಫ್ಲವರ್ಸ್ ಫಾರ್ ಆಲ್ಜೆರ್ನಾನ್' ಬಗ್ಗೆ ಒಂದು ಮಾತು. ಇದನ್ನು ಆಡಿಯೋದಲ್ಲಿ ಕೇಳಬೇಡಿ, ಕಣ್ಣಿಂದ ಓದಿ. ಕಥೆ ಹೇಳುವ ಚಾರ್ಲಿಯ ಕಾಗುಣಿತದ ತಪ್ಪುಗಳು ಕಿವಿಗೆ ಕೇಳಿಸುವುದಿಲ್ಲ, ಕಥೆ ನಿಂತಿರುವುದೇ ಅದರ ಮೇಲೆ.

ಈ ಪುಸ್ತಕದ ಬಗ್ಗೆ ಓದುಗರು ಜಗಳವಾಡುವುದು ಟಾಮ್ ಗಾಡ್ವಿನ್ ಬರೆದ 'ದಿ ಕೋಲ್ಡ್ ಈಕ್ವೇಶನ್ಸ್' ವಿಷಯಕ್ಕೆ. ಔಷಧ ಒಯ್ಯುವ ಚಿಕ್ಕ ನೌಕೆ. ಒಬ್ಬನಿಗೆ ಸಾಲುವಷ್ಟೇ ಇಂಧನ. ಅದರಲ್ಲಿ ಒಂದು ಹುಡುಗಿ ಅಡಗಿ ಕೂತಿದ್ದಾಳೆ. ಅಷ್ಟು ಬಿಗಿಯಾಗಿ ಇಂಧನ ಅಳೆದು ನೌಕೆ ಕಳಿಸುವವರು ಯಾರು, ಬಾಗಿಲಿಗೆ ಸರಿಯಾದ ಬೀಗ ಹಾಕಬಾರದಿತ್ತಾ, ಇದು ಪ್ರಕೃತಿಯ ನಿಯಮವಲ್ಲ, ಕಳಿಸಿದವರ ಬೇಜವಾಬ್ದಾರಿ ಅನ್ನುವುದು ಒಂದು ವಾದ. ನನಗೂ ಅದು ಸರಿ ಅನ್ನಿಸುತ್ತದೆ. ಆದರೂ ಆ ಕಥೆ ಓದಿದ ರಾತ್ರಿ ನಾನು ಇನ್ನೊಂದು ಕಥೆ ತೆರೆಯಲಿಲ್ಲ.

ಕೊರತೆಗಳೂ ಇವೆ, ಸಣ್ಣವಲ್ಲ. ಲೆಸ್ಟರ್ ಡೆಲ್ ರೇ ಬರೆದ 'ಹೆಲೆನ್ ಓಲಾಯ್' 1938ರ ಕಥೆ. ಇಬ್ಬರು ಗಂಡಸರು ಸೇರಿ ಒಂದು ರೋಬೋಟ್ ಹೆಂಗಸನ್ನು ತಯಾರಿಸುತ್ತಾರೆ. ಈಗ ಓದಿದರೆ ಮುಜುಗರ. ಇಡೀ ಪುಸ್ತಕದಲ್ಲಿ ತನ್ನ ಹೆಸರಿನಲ್ಲೇ ಇರುವ ಹೆಣ್ಣು ಲೇಖಕಿ ಜೂಡಿತ್ ಮೆರಿಲ್ ಒಬ್ಬರೇ. ಸಿ. ಎಲ್. ಮೂರ್ ಇದ್ದಾರೆ, ಆದರೆ ಗಂಡ ಹೆನ್ರಿ ಕಟ್ನರ್ ಜೊತೆ 'ಲೂಯಿಸ್ ಪ್ಯಾಜೆಟ್' ಅನ್ನುವ ಹೆಸರಿನ ಹಿಂದೆ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ಒಂದು ಕಥೆಯೂ ಇಲ್ಲ. ಪುಸ್ತಕದ ಪೂರ್ತಿ ಹೆಸರಿನಲ್ಲಿ '1929–1964' ಅಂತ ಇದ್ದರೂ ಒಳಗಿನ ಅತಿ ಹಳೆಯ ಕಥೆ 1934ರದ್ದು.

ಇಲ್ಲಿ ಬಿಗ್ ಬುಕ್ ಬಹಳ ಮುಂದಿದೆ, ಅದನ್ನು ಹೇಳಲೇಬೇಕು. ಬಂಗಾಳದ ರೊಕೇಯಾ ಸಖಾವತ್ ಹೊಸೇನ್ 1905ರಲ್ಲಿ ಬರೆದ 'ಸುಲ್ತಾನಾಸ್ ಡ್ರೀಮ್' ನಾನು ಓದಿದ್ದು ಅದರಲ್ಲೇ. ಹೆಂಗಸರು ಆಳುವ ನಾಡು, ಸೂರ್ಯನ ಶಾಖದಿಂದ ನಡೆಯುವ ಕೆಲಸ, ಮನೆಯೊಳಗೆ ಕೂತ ಗಂಡಸರು. ಅರ್ಜೆಂಟೀನಾದ ಬೋರ್ಹೆಸ್ ಇದ್ದಾರೆ, ಪೋಲೆಂಡಿನ ಲೆಮ್ ಇದ್ದಾರೆ, ಆಕ್ಟೇವಿಯಾ ಬಟ್ಲರ್ ಅವರ 'ಬ್ಲಡ್‌ಚೈಲ್ಡ್' ಇದೆ. ಪುಸ್ತಕ ಅಂದರೆ ಹೀಗಿರಬೇಕು ಅನ್ನಿಸುತ್ತದೆ. ಎರಡು ಸಂಪುಟ ಮಾಡಿದ್ದರೆ ನಾನು ಎರಡನ್ನೂ ಖುಷಿಯಿಂದ ಕೊಳ್ಳುತ್ತಿದ್ದೆ.

ವೆಸ್ಲಿಯನ್ ಪಾಠ ಮಾಡುವವರಿಗೆ ಚೆನ್ನಾಗಿದೆ. ಅಮೆರಿಕದ ಲೇಖಕ ಹಾಥಾರ್ನ್ ಅವರ 1844ರ ಕಥೆಯಿಂದ ಶುರುವಾಗಿ ಕಾಲಕ್ರಮದಲ್ಲಿ ಸಾಗುತ್ತದೆ. ಪ್ರತಿ ಕಥೆಗೂ ಮುನ್ನುಡಿ ಇದೆ. ಅದನ್ನು ಕಥೆ ಮುಗಿದ ಮೇಲೆ ಓದಿ, ಮೊದಲೇ ಬೇಡ.

ನನ್ನಂತೆ ರಾತ್ರಿ ಒಂದು ಗಂಟೆ ಓದುವವರು, ವರ್ಷಕ್ಕೆ ಇಷ್ಟೇ ಪುಸ್ತಕ ಅಂತ ಲೆಕ್ಕ ಇಟ್ಟುಕೊಂಡವರು ಹಾಲ್ ಆಫ್ ಫೇಮ್ ಕೊಳ್ಳಿ. ಹಳೆಯ ಪ್ರತಿಯಾದರೂ ನಡೆಯುತ್ತದೆ. ಕೊಳ್ಳುವಾಗ ಅದು ಮೊದಲನೆಯ ಸಂಪುಟವೇ ಹೌದಾ ನೋಡಿಕೊಳ್ಳಿ. ಎರಡನೆಯ ಸಂಪುಟದ ಎರಡು ಭಾಗಗಳಲ್ಲಿ ಇರುವುದು ಉದ್ದದ ನೀಳ್ಗತೆಗಳು. ಇಪ್ಪತ್ತನೆಯ ಶತಮಾನದ ಕೊನೆಯವರೆಗಿನ ಕಥೆಗಳೂ, ಬೇರೆ ದೇಶಗಳ ಕಥೆಗಳೂ ಬೇಕು, ಮೇಜಿನ ಮುಂದೆ ಕೂತು ಓದುತ್ತೇನೆ ಅನ್ನುವವರಿಗೆ ಬಿಗ್ ಬುಕ್. ಕಾಗದದ್ದೇ ಕೊಳ್ಳಿ. ವೆಸ್ಲಿಯನ್ ಲೈಬ್ರರಿಯಲ್ಲಿ ಸಿಕ್ಕರೆ ಸಾಕು.

ಹಾಲ್ ಆಫ್ ಫೇಮ್‌ನ ಪರಿವಿಡಿಯಲ್ಲಿ ಪ್ರತಿ ಕಥೆಯ ಪಕ್ಕ ನನಗೆ ಹಿಡಿದ ಸಮಯವನ್ನು ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ರಿಚರ್ಡ್ ಮ್ಯಾಥೆಸನ್ ಕಥೆಗೆ ಆರು ನಿಮಿಷ, 'ನೈಟ್‌ಫಾಲ್'ಗೆ ಒಂದು ಗಂಟೆ ಹತ್ತು ನಿಮಿಷ. ಪುಸ್ತಕ ಕೇಳಿದ ಸ್ನೇಹಿತರಿಗೆ ಅದೇ ಪ್ರತಿ ಕೊಡುತ್ತೇನೆ. ಈಗ ಬಿಗ್ ಬುಕ್‌ಗೂ ಅದನ್ನೇ ಶುರು ಮಾಡಿದ್ದೇನೆ, ರಜಾದಿನದ ಬೆಳಗ್ಗೆ, ಮೇಜಿನ ಮೇಲಿಟ್ಟು. ಹನ್ನೊಂದು ಕಥೆಗಳಿಗೆ ನಿಮಿಷ ಬರೆದಾಗಿದೆ.