ಡಿಫರೆನ್ಷಿಯಲ್ ಆಯಿಲ್: ಪಂಪ್ ಹಾಕಿ ಎಳೆಯುವುದೋ, ಮುಚ್ಚಳ ಬಿಚ್ಚುವುದೋ?

ಡಿಫರೆನ್ಷಿಯಲ್ ಅಂದರೆ ಎಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರ್‌ಗಳ ಜೋಡಣೆ, ಅದರ ಹಳೇ ಆಯಿಲ್ ಬದಲಿಸುವ ಮಾತಿದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮುಚ್ಚಳ ಬಿಚ್ಚುವುದಕ್ಕೇ. ದುಡ್ಡು ಕೊಟ್ಟು ಪಂಪ್ ತಂದು, ಅದನ್ನೂ ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ಹಳೇ ಪಿಕಪ್‌ಗಳಲ್ಲಿ ಹಲವಕ್ಕೆ ಹಿಂದಿನ ಹೌಸಿಂಗ್‌ನ (ಈ ಗೇರ್‌ಗಳು ಕೂರುವ ಕವಚದ) ತಳದಲ್ಲಿ ಆಯಿಲ್ ಸುರಿಸುವ ಡ್ರೈನ್ ಪ್ಲಗ್ಗೇ ಇರುವುದಿಲ್ಲ. ಆಯಿಲ್ ತುಂಬುವ ತೂತು ಒಂದಿರುತ್ತದೆ, ಅಷ್ಟೇ. ಆ ತೂತಿನಿಂದ ಪೈಪ್ ಇಳಿಸಿ ಎಳೆಯಬೇಕು, ಇಲ್ಲವೇ ಹಿಂದಿನ ಮುಚ್ಚಳ ಬಿಚ್ಚಿ ಎಲ್ಲವನ್ನೂ ಸುರಿಸಬೇಕು. ಟೊಯೊಟಾ ಹೈಲಕ್ಸ್‌ನಂಥ ಗಾಡಿಗಳಿಗೆ ಡ್ರೈನ್ ಪ್ಲಗ್ ಇದೆ, ಹಿಂದೆ ಬಿಚ್ಚುವ ಮುಚ್ಚಳ ಇಲ್ಲ. ಅವರಿಗೆ ಈ ತಲೆನೋವೇ ಇಲ್ಲ, ಪುಣ್ಯವಂತರು.

ಪಂಪಿನ ಆಕರ್ಷಣೆ ಏನೆಂದರೆ ಮುಚ್ಚಳದ ಅಂಚು ಸೋರದಂತೆ ತಡೆಯುವ ಪ್ಯಾಕಿಂಗ್ ಮುಟ್ಟಬೇಕಿಲ್ಲ, ಆಮೇಲೆ ಸೋರುತ್ತದೆಯೋ ಎಂಬ ಚಿಂತೆಯಿಲ್ಲ. ಆದರೆ 80ಡಬ್ಲ್ಯೂ-90 ಎಂಬ ದಪ್ಪನೆಯ ಗೇರ್ ಆಯಿಲ್ ತಣ್ಣಗಿದ್ದರೆ ಕೈಪಂಪಿಗೆ ಜಗ್ಗುವುದೇ ಇಲ್ಲ. ಗಾಡಿ ಓಡಿಸಿ ಬಿಸಿ ಮಾಡಿಕೊಂಡು ಬಂದರೂ ಪೈಪಿನ ತುದಿ ಒಳಗಿನ ದೊಡ್ಡ ಗೇರ್ ಆದ ಕ್ರೌನ್ ವೀಲ್‌ಗೆ ತಗುಲಿ ಮೇಲೆಯೇ ನಿಲ್ಲುತ್ತದೆ. ಅದನ್ನು ತಿರುಗಿಸಿ ಮುರುಗಿಸಿ ತಳ ಮುಟ್ಟಿಸುವಷ್ಟರಲ್ಲಿ ಗಾಳಿ ಎಳೆದುಕೊಂಡು ಗೊರಗೊರ ಶುರು. ಬಂದಷ್ಟು ಬರಲಿ ಎಂದು ಹೊಸ ಆಯಿಲ್ ತುಂಬಿದೆ. ಕೆಲವು ದಿನ ಓಡಿಸಿ ಪ್ಲಗ್ ತೆಗೆದು ಬೆರಳು ಅದ್ದಿದರೆ, ಆಗಲೇ ಕಪ್ಪಗೆ ಮಾಸಿತ್ತು.

ಕಾರಣ ಮುಚ್ಚಳ ಬಿಚ್ಚಿದಾಗ ಕಣ್ಣಿಗೇ ಬಿತ್ತು. ತಳದಲ್ಲಿ ಬೂದು ಬಣ್ಣದ ಕೆಸರು, ಬೆರಳಲ್ಲಿ ಉಜ್ಜಿದರೆ ಬೆಳ್ಳಿಯ ಹಾಗೆ ಮಿಂಚುವ ಪುಡಿ. ಎಂಜಿನ್‌ಗೆ ಇರುವಂತೆ ಡಿಫರೆನ್ಷಿಯಲ್‌ಗೆ ಆಯಿಲ್ ಫಿಲ್ಟರ್ ಇರುವುದಿಲ್ಲ. ಕ್ರೌನ್ ಮತ್ತು ಅದನ್ನು ತಿರುಗಿಸುವ ಸಣ್ಣ ಗೇರ್ ಪಿನಿಯನ್, ಇವುಗಳ ಹಲ್ಲುಗಳು ಒಂದರ ಮೇಲೊಂದು ಜಾರುತ್ತ ಸವೆದ ಲೋಹವೆಲ್ಲ ಅಲ್ಲೇ ಕೂರಬೇಕು. ಪಂಪ್ ಮೇಲಿನ ಆಯಿಲನ್ನು ಎಳೆಯುತ್ತದೆ, ಈ ಕೆಸರನ್ನಲ್ಲ. ಮುಚ್ಚಳ ತೆಗೆದರೆ ಒರೆಸಿ ಹಾಕಬಹುದು, ಹಲ್ಲುಗಳನ್ನು ಟಾರ್ಚ್ ಬಿಟ್ಟು ನೋಡಬಹುದು. ನುಣ್ಣನೆ ಪೇಸ್ಟ್ ಇದ್ದರೆ ಹೆದರಬೇಕಿಲ್ಲ. ಚೂರು, ಚಕ್ಕೆ ಸಿಕ್ಕರೆ ಒಳಗೇನೋ ಒಡೆಯುತ್ತಿದೆ. ಆಯಿಲ್ ಹಾಲು ಬೆರೆತಂತೆ ಬೆಳ್ಳಗಿದ್ದರೆ ನೀರು ಸೇರಿದೆ, ಬ್ರೀದರ್ (ಹೌಸಿಂಗ್‌ಗೆ ಗಾಳಿ ಹೋಗಿಬರುವ ಕಿಂಡಿ) ನೋಡಿ.

ಇಷ್ಟೆಲ್ಲ ಹೊಗಳಿದ ಮೇಲೆ ಮುಚ್ಚಳದ ಕಾಟವನ್ನೂ ಹೇಳಬೇಕು. ಬೋಲ್ಟ್ ಬಿಚ್ಚುವುದು ಸುಲಭ, ವಾಪಸ್ ಕೂರಿಸುವುದೇ ಕರ್ಮ. ಆಯಿಲ್ ಎಲ್ಲ ಸುರಿಯಿತು ಅಂದುಕೊಳ್ಳುತ್ತೀರಿ. ಹಳೇ ಪ್ಯಾಕಿಂಗ್ ಕೆರೆದು, ಬ್ರೇಕ್ ಕ್ಲೀನರ್ ಹೊಡೆದು, ಅಂಚು ಹೊಳೆಯುವಂತೆ ಒರೆಸುತ್ತೀರಿ. ಪ್ಯಾಕಿಂಗ್ ಬದಲು ಹಚ್ಚುವ ಸಿಲಿಕೋನ್ ಟ್ಯೂಬ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಕೆಳಗಿನ ಬೋಲ್ಟ್ ತೂತುಗಳ ಹತ್ತಿರ ಮತ್ತೆ ತೆಳ್ಳಗೆ ಜಿಡ್ಡು! ಕ್ರೌನ್ ವೀಲ್‌ಗೆ ಅಂಟಿದ ಆಯಿಲ್ ಗಂಟೆಗಟ್ಟಲೆ ಇಳಿಯುತ್ತಲೇ ಇರುತ್ತದೆ. ಜಿಡ್ಡಿನ ಮೇಲೆ ಸಿಲಿಕೋನ್ ಕಚ್ಚುವುದಿಲ್ಲ, ಸೋರಿಕೆ ಶುರುವಾಗುವುದೂ ಅಲ್ಲಿಂದಲೇ.

ಇದಕ್ಕೆ ನಾನು ಕಂಡುಕೊಂಡ ದಾರಿ ಹೀಗಿದೆ. ಸಂಜೆ ಬಿಚ್ಚಿ ರಾತ್ರಿಯಿಡೀ ಬಿಟ್ಟುಬಿಡುವುದು, ಚಕ್ರ ತಿರುಗಿಸದೆ. ಬೆಳಿಗ್ಗೆ ನೂಲು ಬಿಡದ ಬಟ್ಟೆಯನ್ನು ಸುರುಳಿ ಮಾಡಿ ಒಳಗಡೆ ಕೆಳಗಿನ ಅಂಚಿಗೆ ಒತ್ತಿ ಇಡುವುದು. ಸಿಲಿಕೋನನ್ನು ಹೌಸಿಂಗ್‌ಗೆ ಹಚ್ಚದೆ ಮುಚ್ಚಳಕ್ಕೇ ಹಚ್ಚುವುದು, ಸುಮಾರು 3 ಮಿ.ಮೀ. ದಪ್ಪದ ಎಳೆ, ಬೋಲ್ಟ್ ತೂತುಗಳ ಒಳಬದಿಯಿಂದ ಎಲ್ಲೂ ತುಂಡಾಗದಂತೆ. ಎಲ್ಲ ಸಿದ್ಧವಾದ ಮೇಲೆ ಬಟ್ಟೆ ತೆಗೆದು, ಅಂಚನ್ನು ಕೊನೇ ಸಲ ಒರೆಸಿ, ತಕ್ಷಣ ಮುಚ್ಚಳ ಕೂರಿಸಿ ಕೈಯಲ್ಲೇ ಬಿಗಿ ಮಾಡಬೇಕು. ಪೂರ್ತಿ ಬಿಗಿಯುವುದು ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಎದುರುಬದುರು ಬೋಲ್ಟ್‌ಗಳ ಕ್ರಮದಲ್ಲಿ. ಜೋರಾಗಿ ಎಳೆದರೆ ತಗಡಿನ ಮುಚ್ಚಳ ತೂತುಗಳ ಸುತ್ತ ತಗ್ಗಾಗುತ್ತದೆ, ಆಮೇಲೆ ಎಷ್ಟು ಸಿಲಿಕೋನ್ ಮೆತ್ತಿದರೂ ದಂಡ. ಸಿಲಿಕೋನ್ ಗಟ್ಟಿಯಾಗದೆ ಆಯಿಲ್ ತುಂಬುವಂತಿಲ್ಲ. ಬಹಳಷ್ಟು ಟ್ಯೂಬ್‌ಗಳು ಪೂರ್ತಿ ಒಣಗಲು 24 ಗಂಟೆ ಕೇಳುತ್ತವೆ.

ಕಾಯಲಾಗದವರಿಗೆ ಕಾಗದದ ಪ್ಯಾಕಿಂಗ್ ಇದೆ, ಆದರೆ ಮುಂದಿನ ಸಲ ಕೆರೆಯುವಾಗ ಹಿರಿಯರನ್ನೆಲ್ಲ ನೆನೆಸಿಕೊಳ್ಳಬೇಕಾಗುತ್ತದೆ. ರಬ್ಬರ್ ಅಂಚಿನ ಉಕ್ಕಿನ ಪ್ಯಾಕಿಂಗ್ ಮತ್ತೆ ಮತ್ತೆ ಬಳಸಬಹುದು, ಒಣಗಲು ಕಾಯುವುದೂ ಇಲ್ಲ. ದುಬಾರಿ. ಪಂಪಿಗೆ ಸುರಿದ ದುಡ್ಡನ್ನು ಇದಕ್ಕೆ ಹಾಕಿದ್ದರೆ ಅರ್ಥವಿರುತ್ತಿತ್ತು.

ಯಾವ ದಾರಿ ಹಿಡಿದರೂ ಮೊದಲು ಆಯಿಲ್ ತುಂಬುವ ತೂತಿನ ಪ್ಲಗ್ ಬಿಚ್ಚಿ ನೋಡಿ. ಆಯಿಲ್ ಎಲ್ಲ ಸುರಿಸಿದ ಮೇಲೆ ಅದು ತುಕ್ಕು ಹಿಡಿದು ಕೂತಿದೆ ಎಂದು ಗೊತ್ತಾದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಚೌಕ ತೂತಿನ ಪ್ಲಗ್ ಆದರೆ ಒಳಗಿನ ಮಣ್ಣನ್ನು ಪೂರ್ತಿ ಕೆದಕಿ ತೆಗೆದು, ರ‍್ಯಾಚೆಟ್ ಆಳಕ್ಕೆ ಕೂತ ಮೇಲೆಯೇ ಬಲ ಹಾಕಿ.

ಆಯಿಲ್ ವಿಷಯದಲ್ಲಿ ಮಿನರಲ್ಲೋ ಸಿಂಥೆಟಿಕ್ಕೋ ಎಂಬ ವಾದಕ್ಕೆ ನಾನಿಲ್ಲ. ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡಿನ ಜಿಎಲ್-5 (ಭಾರಿ ಒತ್ತಡದ ಗೇರ್‌ಗಳಿಗೆಂದು ಇರುವ ಆಯಿಲ್ ದರ್ಜೆ) ಹಾಕಿ, ಟ್ರೈಲರ್ ಎಳೆಯುವವರು ಸಿಂಥೆಟಿಕ್ ಹಾಕಿಕೊಳ್ಳಲಿ. ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಡಿಫರೆನ್ಷಿಯಲ್) ಆದರೆ ಪ್ಲೇಟ್‌ಗಳು ನಯವಾಗಿ ಜಾರಲು ಬೆರೆಸುವ ಫ್ರಿಕ್ಷನ್ ಮಾಡಿಫೈಯರ್ ಬೇಕೋ, ಆಯಿಲ್‌ನಲ್ಲೇ ಬೆರೆತಿದೆಯೋ ಎಂದು ಡಬ್ಬಿ ಓದಿ. ಅದಿಲ್ಲದೆ ಹೋದರೆ ಬಿಗಿ ತಿರುವಿನಲ್ಲಿ ಹಿಂಭಾಗ ಕಟಕಟ ಅದುರುತ್ತದೆ.

ನನ್ನದು ಭಾರ ಹೊರುವ, ಇನ್ನೂ ವರ್ಷಗಟ್ಟಲೆ ಇಟ್ಟುಕೊಳ್ಳುವ ಗಾಡಿ, ಒಂದು ದಿನ ನಿಂತರೂ ನಡೆಯುತ್ತದೆ. ಅದಕ್ಕೇ ಮುಚ್ಚಳ. ಬೆಳಗಾದರೆ ಗಾಡಿ ಬೇಕೇ ಬೇಕು ಎನ್ನುವವರು, ಈಚೆಗೆ ಒಮ್ಮೆ ಮುಚ್ಚಳ ತೆಗೆದು ಕೆಸರು ಒರೆಸಿದ್ದರೆ, ಪಂಪ್‌ನಲ್ಲಿ ಒಂದು ಸಲ ಸಾಗಿಸಬಹುದು. ನನ್ನ ಪಂಪನ್ನೂ ಬಿಸಾಡಿಲ್ಲ, ಹೊಸ ಆಯಿಲ್ ತುಂಬಲು ಅದೇ ಬೇಕು. ಗಾಡಿಯ ಕೆಳಗೆ ಮಲಗಿ ಆ ಪಕ್ಕದ ತೂತಿಗೆ ಬಾಟಲಿ ಬಗ್ಗಿಸಲು ಜಾಗವೇ ಇರುವುದಿಲ್ಲ.