ಜರ್ನಲಿಸಂ ಜೊತೆ ಕ್ರಿಮಿನಾಲಜಿ: ತುಮಕೂರಿನಲ್ಲಿ ಮೂರು ವರ್ಷ ಓದಿದ ಮೇಲೆ

ಬಿ.ಎ.ಗೆ ಯಾವ ಕಾಂಬಿನೇಷನ್ ತಗೊಳ್ಳಲಿ ಅಕ್ಕಾ ಅಂತ ಈ ತಿಂಗಳು ಆರು ಹುಡುಗಿಯರು ಫೋನ್ ಮಾಡಿದ್ದರು. ಗುಬ್ಬಿ, ಶಿರಾ, ಕೊರಟಗೆರೆ ಕಡೆಯವರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು 2021ರಿಂದ 2024ರವರೆಗೆ ತುಮಕೂರಿನ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ಮತ್ತು ಅಪರಾಧಶಾಸ್ತ್ರ ಓದಿದೆ. ಬೇಸರದ ಮಾತೂ ಇರುವುದರಿಂದ ಕಾಲೇಜಿನ ಹೆಸರು ಬೇಡ. ನಾವು ಸೇರಿದ್ದು ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಶುರುವಾದ ವರ್ಷ, ಹಾಗಾಗಿ ನಮಗೆ ಮುಖ್ಯ ವಿಷಯ ಎರಡೇ. 2024ರಿಂದ ಮತ್ತೆ ಮೂರು ವಿಷಯ ಬಂದಿದೆ. ನಿಮಗೆ ಓದು ಇನ್ನೂ ಸ್ವಲ್ಪ ಜಾಸ್ತಿ ಇರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಸೇರಿ. ಆದರೆ ಎರಡು ವಿಷಯವನ್ನೂ ಕೂಡಿಸಿ ಯಾರೂ ಪಾಠ ಮಾಡುವುದಿಲ್ಲ. ಆ ಗಂಟು ನೀವೇ ಹಾಕಿಕೊಳ್ಳಬೇಕು.

ನಾನು ಯಾಕೆ ಸೇರಿದೆ ಅಂದರೆ, ನಮ್ಮೂರಲ್ಲಿ ಒಬ್ಬ ಅಣ್ಣ ಇದ್ದಾರೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಡಿಕೆ ಕಳವಿನ ಕೇಸಿನಲ್ಲಿ ಅವರನ್ನು ಹಿಡಿದುಕೊಂಡು ಹೋದರು. ಮಾರನೇ ದಿನ ಪೇಪರಿನಲ್ಲಿ ಫೋಟೊ ಬಂತು. ಮುಂದೆ ಅಡಿಕೆ ಮೂಟೆ, ಹಿಂದೆ ಸಾಲಾಗಿ ಪೊಲೀಸರು, ನಡುವೆ ಕುಕ್ಕರಗಾಲಲ್ಲಿ ಕೂತ ಅಣ್ಣ. ಮೇಲೆ ದಪ್ಪಕ್ಷರದಲ್ಲಿ 'ಅಡಿಕೆ ಕಳ್ಳನ ಸೆರೆ'. ಮೂರು ವರ್ಷ ಕೇಸು ನಡೆಯಿತು. ಕೊನೆಗೆ ಕೋರ್ಟು ಅವರನ್ನು ಬಿಡುಗಡೆ ಮಾಡಿತು. ಆ ಸುದ್ದಿ ಒಂದು ಸಾಲೂ ಬರಲಿಲ್ಲ. ಇವತ್ತಿಗೂ ಕೊಯ್ಲಿನ ಕಾಲದಲ್ಲಿ ಅವರನ್ನು ತೋಟಕ್ಕೆ ಕರೆಯುವವರು ಕಡಿಮೆ.

ಎರಡನೇ ಸೆಮಿಸ್ಟರಿನಲ್ಲಿ ಒಂದು ದಿನ ಅಪರಾಧಶಾಸ್ತ್ರದ ಮೇಡಂ ಬೋರ್ಡಿನ ಮೇಲೆ 'ಹಣೆಪಟ್ಟಿ ಸಿದ್ಧಾಂತ' ಅಂತ ಬರೆದರು. ಹೊವಾರ್ಡ್ ಬೆಕರ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞ 1963ರಲ್ಲಿ ಬಿಡಿಸಿ ಹೇಳಿದ ವಿಚಾರ. ಒಬ್ಬನನ್ನು ಸಮಾಜ ಒಂದು ಸಲ ಕಳ್ಳ ಅಂತ ಕರೆದರೆ, ಆಮೇಲೆ ಅವನು ಏನೇ ಮಾಡಿದರೂ ಜನ ಅದೇ ಕಣ್ಣಿನಿಂದ ನೋಡುತ್ತಾರೆ. ಕೆಲಸ ಸಿಗಲ್ಲ, ನಂಟು ಕಡಿಯುತ್ತದೆ, ಕೆಲವರು ಕೊನೆಗೆ ಆ ಹಣೆಪಟ್ಟಿಗೆ ತಕ್ಕಂತೆಯೇ ಆಗಿಬಿಡುತ್ತಾರೆ. ನಾನು ನೋಟ್ಸ್ ಬರೆಯುವುದನ್ನು ಬಿಟ್ಟು ಸುಮ್ನೆ ಕೂತುಬಿಟ್ಟೆ. ನಮ್ಮೂರಿನ ಅಣ್ಣನ ಕಥೆಗೆ ಒಂದು ಹೆಸರಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅದೇ ದಿನ ಮಧ್ಯಾಹ್ನ ಪತ್ರಿಕೋದ್ಯಮದ ಕ್ಲಾಸಿನಲ್ಲಿ ಹೆಡ್‌ಲೈನ್ ಬರೆಯುವ ಅಭ್ಯಾಸ. ಪೊಲೀಸರ ಪ್ರೆಸ್ ನೋಟ್ ಒಂದನ್ನು ಕೊಟ್ಟಿದ್ದರು. 'ಬೈಕ್ ಕಳ್ಳರ ಬಂಧನ' ಅಂತ ಬರೆದೆ. ಬರೆದ ಮೇಲೆ ಅದನ್ನೇ ನೋಡುತ್ತಾ ಕೂತೆ. ಹೊಡೆದುಹಾಕಿ 'ಬೈಕ್ ಕಳವು: ಇಬ್ಬರು ಆರೋಪಿಗಳ ಬಂಧನ' ಅಂತ ಮಾಡಿದೆ. "ಉದ್ದ ಆಯ್ತಲ್ಲಮ್ಮಾ, ಎರಡು ಕಾಲಂಗೆ ಹಿಡಿಯಲ್ಲ" ಅಂದರು ಸರ್. ಅಕ್ಷರದ ಅಳತೆ ಒಂದಿಷ್ಟು ಇಳಿಸಿ ಹಿಡಿಸಿದೆ. ಈ ಎರಡು ವಿಷಯ ಒಟ್ಟಿಗೆ ಓದಿದ್ದು ಸಾರ್ಥಕ ಅಂತ ನನಗೆ ಮೊದಲು ಅನ್ನಿಸಿದ್ದು ಆವತ್ತೇ.

ಆಮೇಲೆ ಇಂಥವು ತುಂಬಾ ಸಿಕ್ಕವು. 'ತಪ್ಪೊಪ್ಪಿಕೊಂಡಿದ್ದಾನೆ' ಅಂತ ಪೇಪರಿನಲ್ಲಿ ಓದುತ್ತೇವೆ, ಅಲ್ವಾ? ಪೊಲೀಸರ ಮುಂದೆ ಒಪ್ಪಿಕೊಂಡ ಮಾತು ಕೋರ್ಟಿನಲ್ಲಿ ಅವನ ವಿರುದ್ಧ ಸಾಕ್ಷಿ ಆಗುವುದಿಲ್ಲ. ಆ ಮಾತಿನಿಂದ ಕದ್ದ ಮಾಲು ಸಿಕ್ಕರೆ, ಅದಕ್ಕೆ ಸಂಬಂಧಪಟ್ಟಷ್ಟು ಮಾತ್ರ ನಡೆಯುತ್ತದೆ. ಇದು ಗೊತ್ತಿದ್ದವರು ಆ ವಾಕ್ಯವನ್ನು ಹಾಗೇ ಬರೆಯಲಾರರು. ಅತ್ಯಾಚಾರಕ್ಕೆ ಒಳಗಾದವರ ಹೆಸರು ಹಾಕಬಾರದು ಅಂತ ಎಲ್ಲರಿಗೂ ಗೊತ್ತು. ಆದರೆ ಊರು, ತಂದೆಯ ಹೆಸರು, ಓದುವ ಶಾಲೆ ಮೂರನ್ನೂ ಹಾಕಿದರೆ ಹೆಸರು ಹೇಳಿದ ಹಾಗೇ. ಗುರುತು ಸಿಗುವಂಥ ಯಾವ ವಿವರವೂ ಕೂಡದು, ಸತ್ತುಹೋಗಿದ್ದರೂ ಕೂಡದು ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಮಕ್ಕಳ ವಿಷಯದಲ್ಲಿ, ಲೈಂಗಿಕ ದೌರ್ಜನ್ಯದಿಂದ ಅವರನ್ನು ಕಾಪಾಡುವ 2012ರ ಪೋಕ್ಸೊ ಕಾಯ್ದೆ ಇದೆ. ಇವನ್ನು ಪತ್ರಿಕೋದ್ಯಮದ ಪಠ್ಯದಲ್ಲಿ ಅರ್ಧ ಪುಟದಲ್ಲಿ ಮುಗಿಸಿದ್ದರು. ಅಪರಾಧಶಾಸ್ತ್ರದಲ್ಲಿ ನೊಂದವರ ಬಗ್ಗೆಯೇ ಒಂದು ಇಡೀ ಘಟಕ ಇತ್ತು. ಅದನ್ನು ಓದಿದ ಮೇಲೆ ಇದೊಂದು ನಿಯಮ ಮಾತ್ರ ಅನ್ನಿಸುವುದಿಲ್ಲ, ಒಂದು ಮನೆಯ ಬಾಗಿಲು ಕಣ್ಣ ಮುಂದೆ ಬರುತ್ತದೆ.

ಅಂಕಿಅಂಶದ ಪಾಠವನ್ನು ಯಾರೂ ತಪ್ಪಿಸಿಕೊಳ್ಳಬೇಡಿ. ದೇಶದ ಅಪರಾಧಗಳ ಲೆಕ್ಕ ಇಡುವ ಎನ್‌ಸಿಆರ್‌ಬಿಯ ವರದಿ ಬಂದ ದಿನ 'ಅಪರಾಧ ಹೆಚ್ಚಳ' ಅಂತ ಹೆಡ್ಡಿಂಗ್ ಬರುತ್ತದೆ. ಅಲ್ಲಿ ಲೆಕ್ಕ ಹಾಕುವುದು ದಾಖಲಾದ ಪ್ರಕರಣಗಳನ್ನು. ಹೆಣ್ಣುಮಕ್ಕಳು ಧೈರ್ಯ ಮಾಡಿ ಠಾಣೆಗೆ ಬಂದರೂ ಸಂಖ್ಯೆ ಏರುತ್ತದೆ. ಇನ್ನೊಂದು, ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧ ಇದ್ದರೆ ಎಲ್ಲಕ್ಕಿಂತ ದೊಡ್ಡದನ್ನು ಮಾತ್ರ ಎಣಿಸುತ್ತಾರೆ. ಅತ್ಯಾಚಾರ ಮಾಡಿ ಕೊಂದಿದ್ದರೆ ಅದು ಕೊಲೆಯ ಲೆಕ್ಕಕ್ಕೆ ಹೋಗುತ್ತದೆ. ಮೇಡಂ ಇದನ್ನು ಹೇಳಿದಾಗ ಕ್ಲಾಸಿನಲ್ಲಿ ಯಾರೂ ಮಾತಾಡಲಿಲ್ಲ.

ನನ್ನ ಪ್ರಾಜೆಕ್ಟು ವಾಟ್ಸಾಪಿನಲ್ಲಿ ಹರಡಿದ ಮಕ್ಕಳ ಕಳ್ಳರ ವದಂತಿ ಬಗ್ಗೆ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದ ರಾಜಸ್ಥಾನದ ಯುವಕನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮತ್ತೊಬ್ಬರು ಸತ್ತರು. ಆ ತಿಂಗಳೇ ವಾಟ್ಸಾಪ್ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸುವ ಮಿತಿ ತಂದಿತು. ಆ ಮೆಸೇಜುಗಳು ನಮ್ಮ ಮನೆಗೂ ಬಂದಿದ್ದವು. ನಮ್ಮಮ್ಮ ಅವನ್ನು ನಂಬಿ ತಂಗಿಯನ್ನು ಮೂರು ದಿನ ಶಾಲೆಗೆ ಕಳಿಸಿರಲಿಲ್ಲ. ಯಾಕೆ ನಂಬಿದೆ ಅಂತ ಅಮ್ಮನನ್ನೇ ಕೂರಿಸಿಕೊಂಡು ಕೇಳಿದೆ. "ಹೇಳಿದ್ದು ಅತ್ತಿಗೆ ಕಣೆ, ಟಿವಿಯವರಲ್ಲ" ಅಂದರು. ನನ್ನ ಪ್ರಾಜೆಕ್ಟಿನ ಅರ್ಧ ಆ ಒಂದು ಮಾತಿನ ಮೇಲೆ ನಿಂತಿದೆ. ಸ್ಟಾನ್ಲಿ ಕೋಹೆನ್ 1972ರಲ್ಲಿ ಇಂಗ್ಲೆಂಡಿನ ಹುಡುಗರ ಗುಂಪುಗಳ ಬಗ್ಗೆ ಬರೆಯುತ್ತಾ, ಪತ್ರಿಕೆಗಳು ಭಯವನ್ನು ಹೇಗೆ ದೊಡ್ಡದು ಮಾಡುತ್ತವೆ ಅಂತ ತೋರಿಸಿದ್ದರು. ನಮ್ಮ ಕಡೆ ಅತ್ತಿಗೆ, ಮಾವ, ಚಿಕ್ಕಮ್ಮ ಎಲ್ಲರೂ ಅದೇ ಕೆಲಸ ಮಾಡಿದ್ದರು, ಅದೂ ಪ್ರೀತಿಯಿಂದ.

ಈಗ ಕೊರತೆ ಹೇಳುತ್ತೇನೆ.

ಮೂರು ವರ್ಷದಲ್ಲಿ ನಮ್ಮನ್ನು ಕೋರ್ಟಿಗೆ ಕರೆದುಕೊಂಡು ಹೋಗಿದ್ದು ಎರಡು ಸಲ, ಠಾಣೆಗೆ ಒಂದು ಸಲ. ಠಾಣೆಯಲ್ಲಿ ದಾಖಲೆ ಬರೆಯುವ ರೈಟರ್ ಅರ್ಧ ಗಂಟೆಯಲ್ಲಿ ಮಹಜರು (ಸ್ಥಳ ಪರಿಶೀಲನೆಯ ದಾಖಲೆ), ಪಂಚರು (ಅದಕ್ಕೆ ಸಾಕ್ಷಿಯಾಗುವವರು), ಮುದ್ದೆಮಾಲು (ವಶಪಡಿಸಿಕೊಂಡ ವಸ್ತು) ಅಂತ ವಿವರಿಸಿದ್ದು ಒಂದು ಸೆಮಿಸ್ಟರಿನ ಪಾಠಕ್ಕೆ ಸಮ. ಹಾಗಿರುವಾಗ ತಿಂಗಳಿಗೊಮ್ಮೆ ಹೋಗಬಾರದಿತ್ತೇ? ಕಾಲೇಜಿನ ಕ್ಯಾಮೆರಾ ಬೀರುವಿನಲ್ಲಿ ಬೀಗ ಹಾಕಿಕೊಂಡು ಇರುತ್ತಿತ್ತು. ನಾವು ಎಲ್ಲವನ್ನೂ ಮೊಬೈಲಿನಲ್ಲೇ ತೆಗೆದೆವು. ಅಪರಾಧಶಾಸ್ತ್ರದ ಪುಸ್ತಕಗಳು ಲೈಬ್ರರಿಯಲ್ಲಿ ಇದ್ದದ್ದೇ ಕಡಿಮೆ, ಎಲ್ಲವೂ ಇಂಗ್ಲಿಷಿನವು. ಕನ್ನಡ ಮಾಧ್ಯಮದಿಂದ ಬಂದ ನಮಗೆ ಮೊದಲ ವರ್ಷ ಅಳು ಬಂದಿದೆ. ಗುಬ್ಬಿಯಿಂದ ಬೆಳಗಿನ ರೈಲಿನಲ್ಲಿ ಬರುತ್ತಿದ್ದ ನಾವು ನಾಲ್ಕು ಜನ ದಿನಕ್ಕೆ ಹತ್ತು ಪದ ಅಂತ ಕನ್ನಡದಲ್ಲಿ ಅರ್ಥ ಬರೆದುಕೊಂಡು ಒಂದು ನೋಟ್‌ಬುಕ್ ಮಾಡಿದೆವು. ಎರಡು ವಿಭಾಗದವರು ಒಬ್ಬರನ್ನೊಬ್ಬರು ಕೇಳದೆ ಒಂದೇ ಹೊತ್ತಿಗೆ ಇಂಟರ್ನಲ್ಸ್ ಇಟ್ಟಿದ್ದೂ ಇದೆ. ನನಗೆ ನಿಜಕ್ಕೂ ನೋವಾಗಿದ್ದು ಇದೇ. ಒಂದೇ ಕಾರಿಡಾರಿನ ಈ ತುದಿ, ಆ ತುದಿ. ಸರ್ ಒಂದು ದಿನ ಮೇಡಂ ಕ್ಲಾಸಿಗೆ ಬಂದು ಕೂತಿದ್ದರೆ ನಮಗೆಲ್ಲ ಎಷ್ಟು ಸಿಗುತ್ತಿತ್ತು.

ಆದರೆ ಮೇಡಂ ಬಗ್ಗೆ ಒಂದು ಮಾತು ಹೇಳಲೇಬೇಕು. ಲ್ಯಾಬ್ ಅಂತ ಇದ್ದದ್ದು ಒಂದು ಮೇಜು, ಬೆರಳಚ್ಚಿನ ಪುಡಿ, ಎರಡು ಭೂತಗನ್ನಡಿ. ಅವರು ಸ್ವಂತ ದುಡ್ಡಿನಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ತಂದು ನಮ್ಮನ್ನು ಅಮಾನಿಕೆರೆ ಹತ್ತಿರ ಕರೆದುಕೊಂಡು ಹೋದರು. ಒದ್ದೆ ಮಣ್ಣಿನಲ್ಲಿ ನಾವೇ ನಡೆದು, ನಮ್ಮ ಹೆಜ್ಜೆ ಗುರುತಿನ ಅಚ್ಚು ತೆಗೆದೆವು. ನನ್ನ ಎಡಗಾಲಿನ ಚಪ್ಪಲಿ ಹೊರಬದಿಗೆ ಸವೆದಿದೆ ಅಂತ ನನಗೆ ತಿಳಿದದ್ದು ಆ ಅಚ್ಚು ನೋಡಿ.

ಕೆಲಸದ ವಿಷಯ. ಈ ಪದವಿ ಹಿಡಿದು ಬೆಂಗಳೂರಿನ ಮಡಿವಾಳದ ಎಫ್‌ಎಸ್‌ಎಲ್‌ನಲ್ಲಿ (ವಿಧಿವಿಜ್ಞಾನ ಪ್ರಯೋಗಾಲಯ) ವಿಜ್ಞಾನಿ ಆಗುತ್ತೇನೆ ಅಂತ ಬರಬೇಡಿ. ಅದಕ್ಕೆ ವಿಜ್ಞಾನದ ಪದವಿ ಬೇಕು. ನಮ್ಮ ಬ್ಯಾಚಿನಲ್ಲಿ ಇಬ್ಬರು ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಾರೆ, ಒಬ್ಬಳು ಎಲ್‌ಎಲ್‌ಬಿಗೆ ಸೇರಿದಳು, ಒಬ್ಬ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡುತ್ತಿದ್ದಾನೆ. ನಾನು ತುಮಕೂರಿನಲ್ಲೇ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೇನೆ. ಸಂಬಳ ಕಡಿಮೆ. ಕೆಲಸ ಇಷ್ಟ.

ಡೆಸ್ಕಿಗೆ ಸೇರಿದ ಮೇಲೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಡುಕಿ ಆ ಅಣ್ಣನ ಕೇಸಿನ ತೀರ್ಪು ತೆಗೆದೆ. ಪ್ರಿಂಟ್ ಮಾಡಿಸಿ ಊರಿಗೆ ಒಯ್ದು ಕೊಟ್ಟೆ. ಅವರ ಹತ್ತಿರ ಆ ಕಾಗದವೇ ಇರಲಿಲ್ಲ. "ಇದನ್ನ ಪೇಪರಿಗೆ ಹಾಕ್ತಾರೇನಮ್ಮಾ ಈಗ?" ಅಂತ ಕೇಳಿದರು. ಅಷ್ಟು ಹಳೆಯದನ್ನು ಹಾಕುವುದಿಲ್ಲ ಅಣ್ಣಾ ಅಂದೆ. ಆವತ್ತಿನಿಂದ ಬಿಡುಗಡೆಯಾದವರ ಸುದ್ದಿ ನನ್ನ ಕೈಗೆ ಬಂದರೆ, ಚಿಕ್ಕದಾದರೂ ಸರಿ, ಹಾಕಿಸದೆ ಬಿಡುವುದಿಲ್ಲ.

ಸೇರುವ ಮುಂಚೆ ಕಾಲೇಜಿಗೆ ಹೋಗಿ ಮೂರು ಮಾತು ಕೇಳಿ. ವರ್ಷಕ್ಕೆ ಎಷ್ಟು ಸಲ ಕೋರ್ಟಿಗೆ ಕರೆದುಕೊಂಡು ಹೋಗುತ್ತೀರಿ? ಕನ್ನಡದಲ್ಲಿ ನೋಟ್ಸ್ ಇದೆಯಾ? ಹೊಸ ಕಾನೂನು ಪಠ್ಯಕ್ಕೆ ಬಂದಿದೆಯಾ? ಮೂರನೆಯದನ್ನು ಮರೆಯಬೇಡಿ. ಜುಲೈ 1 ನಮಗೆ ಪತ್ರಿಕಾ ದಿನಾಚರಣೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಬಂದ ದಿನ ಅದು. 2024ರಲ್ಲಿ ಅದೇ ದಿನ 1860ರ ಐಪಿಸಿ (ಭಾರತೀಯ ದಂಡ ಸಂಹಿತೆ) ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಮೂರು ವರ್ಷ ಬಾಯಿಪಾಠ ಮಾಡಿದ ಸೆಕ್ಷನ್‌ಗಳೆಲ್ಲ ಒಂದೇ ರಾತ್ರಿಗೆ ಬದಲಾದವು. ಕೊಲೆ 302 ಇದ್ದದ್ದು 103, ಕಳವು 379 ಇದ್ದದ್ದು 303, ವಂಚನೆಯ 420 ಈಗ 318.

ರೈಲಿನಲ್ಲಿ ಮಾಡಿದ ಆ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ಹಳೆಯ ಸೆಕ್ಷನ್ ಪಕ್ಕ ಹೊಸದನ್ನು ಕೆಂಪು ಇಂಕಿನಲ್ಲಿ ಬರೆದಿದ್ದೇನೆ. ಸೇರಿದವರಿಗೆ ಬೇಕಾದರೆ ಜೆರಾಕ್ಸ್ ಮಾಡಿಸಿ ಕೊಡುತ್ತೇನೆ.