ಬಣ್ಣದ ಇಂಜೆಕ್ಷನ್ನಾ, ಸೂಜಿಯಿಲ್ಲದ ಸ್ಕ್ಯಾನಾ?

ರೆಟಿನಾದ (ಕಣ್ಣಿನ ಹಿಂಭಾಗದ ಒಳಪರದೆಯ) ರಕ್ತನಾಳಗಳಲ್ಲಿ ಉರಿಯೂತದ ಅನುಮಾನ ಬಂದರೆ ಎರಡು ಪರೀಕ್ಷೆಗಳ ಹೆಸರು ಕೇಳಿಬರುತ್ತವೆ.

ಫ್ಲೋರಸೀನ್ ಆಂಜಿಯೋಗ್ರಫಿಯಲ್ಲಿ ಕೈಯ ರಕ್ತನಾಳಕ್ಕೆ ಹಳದಿ ಬಣ್ಣ ಚುಚ್ಚುತ್ತಾರೆ. 10-15 ಸೆಕೆಂಡಿಗೆ ಅದು ಕಣ್ಣು ತಲುಪುತ್ತದೆ. ಆಮೇಲೆ ಸುಮಾರು 10 ನಿಮಿಷ ಫೋಟೊ. ಉರಿಯೂತವಿದ್ದರೆ ನಾಳದ ಗೋಡೆಯಿಂದ ಬಣ್ಣ ಜಿನುಗಿ, ಒದ್ದೆ ಕಾಗದದ ಮೇಲೆ ಇಂಕು ಹರಡಿದ ಹಾಗೆ ಕಾಣುತ್ತದೆ. ಕೆಲವರಿಗೆ ವಾಕರಿಕೆ ಬರಬಹುದು. ಮರುದಿನದವರೆಗೂ ಮೂತ್ರ ಕಡು ಹಳದಿ, ಸುಮ್ನೆ ಗಾಬರಿಯಾಗಬೇಡಿ. ಆದರೆ ಅಲರ್ಜಿ ಇದ್ದರೆ ಮೊದಲೇ ಹೇಳಿ.

ಓಸಿಟಿ ಆಂಜಿಯೋಗ್ರಫಿ ಅಂದರೆ ಬೆಳಕಿನಿಂದ ರೆಟಿನಾದ ರಕ್ತನಾಳ ನೋಡುವ ಸ್ಕ್ಯಾನ್. ಇದಕ್ಕೆ ಸೂಜಿಯೇ ಬೇಡ. ಕೆಲವೇ ಸೆಕೆಂಡು. ರಕ್ತ ಹರಿಯದ ಜಾಗ ಚೆನ್ನಾಗಿ ಕಾಣುತ್ತದೆ, ಸೋರಿಕೆ ಕಾಣುವುದಿಲ್ಲ. ಉರಿಯೂತದ ಮುಖ್ಯ ಸುಳಿವೇ ಸೋರಿಕೆ ಅಲ್ವಾ? ಹಾಗಾಗಿ ಮೊದಲ ಸಲಕ್ಕೆ ನನ್ನ ಓಟು ಬಣ್ಣಕ್ಕೆ. ಔಷಧಿ ಶುರುವಾದ ಮೇಲೆ ನಡುನಡುವೆ ನೋಡಲು ಸ್ಕ್ಯಾನ್ ಹಗುರ.